ಬೆದರುಬೊಂಬೆ ಇಟ್ಟ ಆಣೆ

ಸಪ್ತದ್ವೀಪ ಎಂಬ ಆನ್‌ಲೈನ್ ಆಟದ ಮೂರನೆಯ ದ್ವೀಪದಲ್ಲಿ ಮಿಣುಕು ಎಂಬ ಹತ್ತು ವರ್ಷದ ಹುಡುಗಿ ದೋಣಿಗೆ ಹಲಗೆ ಜೋಡಿಸುತ್ತ ಕುಳಿತಿದ್ದಳು. ಒಬ್ಬ ಹುಡುಗ ಬಂದು ಪಕ್ಕದಲ್ಲಿ ನಿಂತ. ದನಿಯೇನೋ ಎಳೆಯದೇ.

"ಎಷ್ಟು ಚೆನ್ನಾಗಿ ಕಟ್ತೀಯ! ಮನೇಲಿ ಈಗ ಯಾರಿದಾರೆ?"

"ಯಾರೂ ಇಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗವ್ಳೆ."

ಅವನು ಇನ್ನೆರಡು ಮಾತಾಡುವಷ್ಟರಲ್ಲಿ, ತುಮಕೂರಿನ ಮಕ್ಕಳ ಕಾವಲು ಕೇಂದ್ರದ ಗೋಡೆಯ ಮೇಲೆ ಕೆಂಪು ದೀಪ ಹೊತ್ತಿತು. ಅರ್ಧ ಗಂಟೆಯೊಳಗೆ ಯಾವುದೋ ದೂರದ ಊರಿನಲ್ಲಿ ಐವತ್ತು ದಾಟಿದ ಗಂಡಸೊಬ್ಬನ ಬಾಗಿಲನ್ನು ಪೊಲೀಸರು ತಟ್ಟಿದರು.

ಮಿಣುಕು ಹುಡುಗಿಯಲ್ಲ. ಅವಳಿಗೆ ಅಮ್ಮನೂ ಇರಲಿಲ್ಲ, ಮನೆಯೂ ಇರಲಿಲ್ಲ. ಅವಳೊಂದು ಬೆದರುಬೊಂಬೆ. ಹೊಲದ ಬೆದರುಬೊಂಬೆ ಮನುಷ್ಯನಂತೆ ನಿಂತು ಹಕ್ಕಿಯನ್ನು ಓಡಿಸುತ್ತದೆ. ಈ ಯಂತ್ರ ಮಗುವಿನಂತೆ ಮಾತಾಡಿ ಹದ್ದನ್ನು ಹತ್ತಿರಕ್ಕೆ ಕರೆಯುತ್ತಿತ್ತು. ಮಕ್ಕಳು ಕೂಡಿ ಆಡುವ ಆಟಗಳಲ್ಲೆಲ್ಲ ಇಂಥ ಸಾವಿರಾರು ಬೊಂಬೆಗಳನ್ನು ಬಿಟ್ಟಿದ್ದರು. ಹತ್ತಿರ ಬಂದವರ ವಯಸ್ಸನ್ನು ದನಿಯಳತೆ ಎಂಬ ಇನ್ನೊಂದು ಸಾಧನ ಅಳೆಯುತ್ತಿತ್ತು. ದನಿಯನ್ನು ಎಷ್ಟು ಎಳೆಯದಾಗಿಸಿಕೊಂಡರೂ ಮಾತಿನ ನಡುವೆ ಉಸಿರೆಳೆದುಕೊಳ್ಳುವ ರೀತಿಯನ್ನು ಬದಲಿಸಲಾಗದು. ದೊಡ್ಡವರ ಉಸಿರು ಬೇರೆ, ಮಕ್ಕಳ ಉಸಿರು ಬೇರೆ. ದೊಡ್ಡವರು ಮಗುವಿನ ವೇಷದಲ್ಲಿ ಕೇಳಬಾರದ್ದನ್ನು ಕೇಳಿದ ಹಾಗೆಲ್ಲ ಅದರ ಮುಳ್ಳು ಮೇಲೇರುತ್ತಿತ್ತು.

ಇದನ್ನೆಲ್ಲ ರೂಪಿಸಿದವರು ಡಾಕ್ಟರ್ ಯತಿರಾಜ್. ಆದರೆ ಬೊಂಬೆಗಳ ಬಾಯಿಗೆ ಮಾತು ಕೊಟ್ಟವರು ಗಂಗಲಕ್ಷ್ಮಮ್ಮ. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿ, ಜಗಳ ಬಿಡಿಸಿ ನಿವೃತ್ತರಾದ ಹೆಂಗಸು. ಮಕ್ಕಳು ಹೇಗೆ ಮಾತಾಡುತ್ತಾರೆಂದು ಪುಸ್ತಕದಲ್ಲಿ ಹುಡುಕಿ ಸೋತು, ಯತಿರಾಜ್ ಇವರನ್ನು ಕರೆತಂದಿದ್ದರು.

ಶುರುವಿನಲ್ಲಿ ಬೊಂಬೆಗಳು ಬೇಗ ಸಿಕ್ಕಿಬೀಳುತ್ತಿದ್ದವು. ಬೇಟೆಗೆ ಬಂದವರು "ಯಾರಿಗೂ ಹೇಳಬೇಡ" ಎಂದು ಪರೀಕ್ಷೆ ಮಾಡುತ್ತಿದ್ದರು. ಬೊಂಬೆ "ಸರಿ" ಎನ್ನುತ್ತಿತ್ತು. ಅವರು ಜಾಗ ಖಾಲಿ ಮಾಡುತ್ತಿದ್ದರು.

"ಬರೀ ಸರಿ ಅಂತ ಯಾವ ಮಗೂ ಅನ್ನಲ್ಲ ಸಾರ್," ಎಂದಿದ್ದರು ಗಂಗಲಕ್ಷ್ಮಮ್ಮ. "ಗಂಟಲು ಹಿಡ್ಕೊಂಡು ಅಮ್ಮನಾಣೆ ಅಂತವೆ. ಆಗ್ಲೇ ನಂಬಿಕೆ."

"ಯಂತ್ರಕ್ಕೆ ಗಂಟಲೆಲ್ಲಿ ಟೀಚರಮ್ಮ?"

"ಗಂಟಲಿಲ್ದೆ ಇಷ್ಟೊಂದು ಹರಟ್ತದಲ್ಲ, ಅಮ್ಮ ಇಲ್ದೆ ಆಣೆ ಇಡಕ್ಕೇನು ರೋಗ?"

ಯತಿರಾಜ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆಣೆ ಕಲಿತ ಮೇಲೆ ಬೊಂಬೆಗಳ ಬಲೆಗೆ ಬಿದ್ದವರ ಸಂಖ್ಯೆ ಮೂರು ಪಟ್ಟಾಯಿತು. ಗಂಗಲಕ್ಷ್ಮಮ್ಮನಿಗೆ ಅದೊಂದು ಹೆಮ್ಮೆ.

ಪ್ರತಿ ಶುಕ್ರವಾರ ಮಧ್ಯಾಹ್ನ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೊಂಬೆಗಳ ಮಾತು ಹದವಾಗಿದೆಯೇ ಎಂದು ಆಲಿಸುತ್ತಿದ್ದರು. ಅವತ್ತು ಮಿಣುಕುವಿನ ಜೊತೆ ಇದ್ದದ್ದು ನವಿಲುಗರಿ ಎಂಬ ಹೆಸರಿನಲ್ಲಿ ಆಡುವ ಒಂದು ಹುಡುಗಿ. ದನಿಯಳತೆಯ ಮುಳ್ಳು ಸೊನ್ನೆಯಲ್ಲಿತ್ತು. ಅಂದರೆ ನಿಜವಾದ ಮಗು.

"ಮಿಣುಕು, ಆ ಅಣ್ಣ ನಾಳೆ ಸ್ಕೂಲ್ ಬಿಟ್ಮೇಲೆ ಬಸ್‌ಸ್ಟ್ಯಾಂಡ್ ಹತ್ರ ಬಾ ಅಂದವ್ನೆ. ಒಬ್ಳೇ ಬರ್ಬೇಕಂತೆ. ಇಲ್ಲಾಂದ್ರೆ ಫೋಟೊ ಎಲ್ಲಾರ್ಗೂ ಕಳಿಸ್ತಾನಂತೆ."

"ಅಯ್ಯೋ! ನಾನ್ ಯಾರಿಗೂ ಹೇಳಲ್ಲ. ನಮ್ಮಮ್ಮನಾಣೆ," ಎಂದಿತು ಬೊಂಬೆ.

"ನಂಗೊತ್ತು ಕಣೆ. ನಾಕು ತಿಂಗ್ಳಿಂದ ಹೇಳ್ತಾ ಇದೀನಿ, ನೀನು ಒಬ್ರಿಗೂ ಹೇಳಿಲ್ಲ."

ಗಂಗಲಕ್ಷ್ಮಮ್ಮ ಕುರ್ಚಿ ಬಿಟ್ಟೆದ್ದರು. ಯತಿರಾಜರನ್ನು ಕೂಗಿ ಕರೆದರು. "ನಾಕು ತಿಂಗ್ಳು ಸಾರ್! ನಮ್ ಬೊಂಬೆ ಕೇಳಿಸ್ಕೊಂಡು ಸುಮ್ನೆ ಕೂತದೆ!"

ಯತಿರಾಜ್ ಓಡಿಬಂದು ಕೇಳಿ, ನಡೆದದ್ದನ್ನು ಊಹಿಸಿದರು. ಆ ಅಣ್ಣನೆಂಬವನು ಬೇರೆ ಯಾವುದೋ ಆಟದಲ್ಲಿ ಪರಿಚಯವಾಗಿ, ಹುಡುಗಿಯನ್ನು ಫೋನಿಗೆ ಎಳೆದುಕೊಂಡಿರಬೇಕು. ಫೋನಿನಲ್ಲಿ ಬೊಂಬೆಗಳಿಲ್ಲ. ಇನ್ನು ಬೊಂಬೆ ದೂರು ಕೊಡುವುದು ತನ್ನ ಹತ್ತಿರ ಬಂದ ದೊಡ್ಡವರ ಮೇಲೆ ಮಾತ್ರ. ಮಕ್ಕಳ ಮಾತನ್ನು ಕಣ್ಣು ಮಿಟುಕಿಸುವುದರೊಳಗೆ ಅಳಿಸಿಬಿಡಬೇಕು, ಅವರ ವಿಳಾಸ ಯಾರಿಗೂ ತಿಳಿಯಕೂಡದು ಎಂದು ಕಾನೂನೇ ಇತ್ತು. ಮಕ್ಕಳ ಗುಟ್ಟು ಕಳ್ಳರ ಪಾಲಾಗದಿರಲಿ ಎಂದು ಮಾಡಿದ ಕಾನೂನು ಅದು.

"ಪೊಲೀಸರಿಗೆ ಫೋನ್ ಮಾಡಿ!"

"ಯಾವ ಊರು ಅಂತ ಹೇಳ್ಲಿ ಟೀಚರಮ್ಮ? ಅವಳು ಯಾರು ಅಂತ ಗೊತ್ತಾಗಬಾರದು ಅಂತಲೇ ನಾವು ಇದನ್ನ ಕಟ್ಟಿರೋದು."

ಬೊಂಬೆಗೆ ಮಾತು ಕಲಿಸುವ ಮೈಕ್ ಮೇಜಿನ ಮೇಲಿತ್ತು. ಅದರಲ್ಲಿ ಮಾತಾಡಿದರೆ ಮಿಣುಕುವಿನ ದನಿಯಲ್ಲಿ ಕೇಳುತ್ತದೆ. ಗಂಗಲಕ್ಷ್ಮಮ್ಮ ಅದಕ್ಕೆ ಹೆಬ್ಬೆರಳು ಒತ್ತಿದರು. ಆ ಬೆರಳಗುರುತಿನಿಂದಲೇ ಮಾತಾಡುವವರ ಹೆಸರು ದಾಖಲಾಗುತ್ತಿತ್ತು.

"ನವಿಲುಗರಿ, ಹೋಗಬೇಡ ಕಣೆ. ನಿಮ್ಮಮ್ಮಂಗೆ ಹೇಳು."

"ಹೇಳಿದ್ರೆ ಚರ್ಮ ಸುಲೀತಾಳೆ."

"ಹಂಗಾದ್ರೆ ನಾನ್ ಹೇಳ್ತೀನಿ."

"ನೀನು ಆಣೆ ಇಟ್ಟಿದೀಯ! ಮುರಿದ್ರೆ ನಿಮ್ಮಮ್ಮ ಸತ್ತೋಯ್ತಾಳೆ!"

"ನಿಂದು ಯಾವೂರು?"

"ಆಟದಲ್ಲಿ ಊರ್ ಹೆಸ್ರು ಹೇಳ್ಬಾರ್ದು ಅಂತ ನಮ್ ಮಿಸ್ ಹೇಳವ್ರೆ."

ಕಲಿಸಿದ್ದನ್ನು ಮಗು ಸರಿಯಾಗಿಯೇ ಕಲಿತಿತ್ತು. ಗಂಗಲಕ್ಷ್ಮಮ್ಮ ಮೈಕ್ ಮುಚ್ಚಿ ತಲೆ ಎತ್ತಿದರು. ದನಿಯಳತೆಯ ಮುಳ್ಳು ನಲವತ್ತಕ್ಕೆ ಬಂದಿತ್ತು. ಮೈಕಿನಲ್ಲಿ ಬಂದ ಉಸಿರನ್ನೂ ಅಳೆದು, ಮಗುವಿನ ವೇಷದಲ್ಲಿ ಊರು ಕೇಳುವ ದೊಡ್ಡವರೊಬ್ಬರನ್ನು, ಅಂದರೆ ಅವರನ್ನೇ, ಅದು ಕಂಡುಹಿಡಿದಿತ್ತು.

"ಸಾರ್, ಇದು ಎಷ್ಟಕ್ಕೆ ಹೋದ್ರೆ ಮಾತು ಅಳಿಸಲ್ಲ?"

"ತೊಂಬತ್ತು. ಆಗ ಇಬ್ಬರ ಮಾತೂ ಉಳಿಯತ್ತೆ, ಮಗುವಿನ ವಿಳಾಸ ನೇರ ಪೊಲೀಸರಿಗೆ..." ಯತಿರಾಜ್ ಅರ್ಧಕ್ಕೆ ನಿಲ್ಲಿಸಿದರು. "ಬೇಡ. ಮಾತಾಡಿದವರ ಹೆಸರು ಮಕ್ಕಳ ಬೇಟೆಗಾರರ ಪಟ್ಟಿಗೆ ಹೋಗತ್ತೆ, ಅಲ್ಲಿಗೆ ಹೋದ ಹೆಸರು ವಾಪಸ್ ಬರಲ್ಲ. ಊರೂರಲ್ಲೂ ಅಂಟಿಸ್ತಾರೆ. ಗೊತ್ತಿದ್ದವರು ಅಂತ ನಾನು ಬಿಡಿಸೋ ಹಾಗೂ ಇಲ್ಲ. ನಮ್ಮನ್ನೂ ನಂಬಬಾರದು ಅಂತಲೇ ಹಾಗೆ ಮಾಡಿದ್ದು."

"ಸರಿಯಾಗೇ ಮಾಡಿದೀರ."

"ಮೈಕ್ ಇಲ್ಲಿ ಕೊಡಿ. ನಾನು ಮಾತಾಡ್ತೀನಿ."

"ನಿಮಗೆ ಆರು ವರ್ಷದ ಮಗಳವ್ಳೆ. ನಾಳೆ ಅವಳನ್ನ ಸ್ಕೂಲಿಗೆ ಬಿಡೋರು ಯಾರಪ್ಪ?"

ಸಾರ್ ಎಂದು ಕರೆಯುವುದನ್ನು ಅವರು ಬಿಟ್ಟಿದ್ದು ಅದೇ ಮೊದಲು.

ಎರಡು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೇಳಿದ ಕೊಳಕು ಮಾತುಗಳೆಲ್ಲ ಗಂಗಲಕ್ಷ್ಮಮ್ಮನಿಗೆ ಬಾಯಿಪಾಠವಾಗಿದ್ದವು. ಅವು ಹೇಗೆ ನಯವಾಗಿ ಶುರುವಾಗುತ್ತವೆ, ಎಲ್ಲಿ ತಿರುಗುತ್ತವೆ ಎಂದು ಬಲ್ಲವರು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. ಅಮ್ಮ ಎಷ್ಟು ಹೊತ್ತಿಗೆ ಬರುತ್ತಾಳೆಂದು ಕೇಳಿದರು. ಮುಳ್ಳು ಅರವತ್ತು ದಾಟಿತು. ನಾವಿಬ್ಬರೇ ಒಂದು ಕಡೆ ಸಿಗೋಣ ಎಂದರು. ಎಪ್ಪತ್ತೆಂಟು. ಕಿವಿಯಲ್ಲಿ ಮಗುವಿನ ಉಸಿರು ಸಣ್ಣಗಾಗುವುದು ಕೇಳಿಸುತ್ತಿತ್ತು. ಇನ್ನೊಂದು ಮಾತು ಬಾಕಿ ಇತ್ತು. ಏನೇ ಆದರೂ ಮೊದಲು ಅಮ್ಮನಿಗೆ ಹೇಳಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಒಮ್ಮೆ ತೆರೆದು ಮುಚ್ಚಿತು, ಮತ್ತೆ ತೆರೆಯಿತು.

"ನಿಮ್ಮಮ್ಮಂಗೆ ಮಾತ್ರ ಹೇಳಬೇಡ."

ಆ ಕಡೆಯಿಂದ ತೀರಾ ಮೆಲ್ಲಗೆ, "ನೀನೂನಾ?" ಎಂಬ ಮಾತು ಕೇಳಿತು.

ಕೆಂಪು ದೀಪ ಹೊತ್ತಿತು. ಆಟ ಕಡಿದುಹೋಯಿತು.

ಸಂಜೆಯೊಳಗೆ ಪೊಲೀಸರು ಹುಡುಗಿಯ ಮನೆ ತಲುಪಿದ್ದರು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದವನು ಸಿಕ್ಕಿಬಿದ್ದ. ಯತಿರಾಜರ ಸಾಕ್ಷಿಯಿಂದ ಗಂಗಲಕ್ಷ್ಮಮ್ಮನಿಗೆ ಜೈಲು ತಪ್ಪಿದರೂ, ಪ್ರಕರಣ ಒಂದೇ ಆದ್ದರಿಂದ ಪಟ್ಟಿಯಲ್ಲಿ ಅವನ ಹೆಸರಿನ ಕೆಳಗೇ ಅವರ ಹೆಸರು, ಭಾವಚಿತ್ರ ಬಂದವು. ಅವರು ದುಡಿದ ಅಂಗನವಾಡಿಯ ಬಾಗಿಲಿಗೂ ಆ ಕಾಗದ ಅಂಟಿಸಿದರು.

ಆರು ತಿಂಗಳ ಮೇಲೆ ಯತಿರಾಜ್ ಗಂಗಲಕ್ಷ್ಮಮ್ಮನ ಮನೆಗೆ ಬಂದರು. ಬೊಂಬೆಗಳಿಗೆ ಆಣೆ ಬಿಡಿಸಿದ್ದಾಗಿತ್ತು, ಕಾನೂನು ತಿದ್ದಲು ಓಡಾಡುತ್ತಿದ್ದರು. ಕೈಯಲ್ಲೊಂದು ಅರ್ಜಿ ಇತ್ತು.

"ಒಂದು ದಾರಿ ಸಿಕ್ಕಿದೆ ಟೀಚರಮ್ಮ. ಆ ಹುಡುಗಿ ನ್ಯಾಯಾಧೀಶರ ಮುಂದೆ ಬಂದು, ಅವತ್ತು ನಡೆದದ್ದನ್ನೆಲ್ಲ ಹೇಳಿದರೆ ನಿಮ್ಮ ಹೆಸರು ತೆಗೀತಾರೆ."

"ಈಗ ಹೆಂಗವ್ಳಂತೆ?"

"ಮೊನ್ನೆಯಿಂದ ಸ್ಕೂಲಿಗೆ ಹೋಗ್ತಿದಾಳಂತೆ. ಯಾರ ಜೊತೇನೂ ಅಷ್ಟು ಮಾತಿಲ್ಲವಂತೆ."

ಗಂಗಲಕ್ಷ್ಮಮ್ಮ ಅರ್ಜಿಯನ್ನು ಓದದೆ ಮಡಿಸಿ ಅವರ ಕೈಗೇ ಕೊಟ್ಟರು. "ಅವಳನ್ನ ಮತ್ತೆ ಕೇಳಬೇಡಿ. ಕಾಫಿ ಕುಡೀರಿ, ಆರೋಯ್ತದೆ."

ಅವರನ್ನು ಕಳಿಸಿಕೊಟ್ಟು, ಹಾಲು ತರಲು ಹೊರಟರು. ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಂದವರ ಮಗು ಮೆಟ್ಟಿಲ ಮೇಲೆ ಕೂತು ಬಳಪದಲ್ಲಿ ಏನೋ ಗೀಚುತ್ತಿತ್ತು. ಅದರ ತಾಯಿ ಬಟ್ಟೆ ಒಣಹಾಕುತ್ತಿದ್ದವಳು ಇವರನ್ನು ಕಂಡದ್ದೇ, ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಾಗೆಯೇ ಬಿಟ್ಟು ಮೆಟ್ಟಿಲ ಕಡೆ ಬಂದಳು. ತಪ್ಪೇನಿಲ್ಲ, ತಾಯಿ ಅಂದಮೇಲೆ ಹಾಗೇ ಇರಬೇಕು ಎಂದುಕೊಂಡರು ಗಂಗಲಕ್ಷ್ಮಮ್ಮ. ಮಗುವಿನ ಆಟ ಯಾಕೆ ಕೆಡಬೇಕೆಂದು, ಅವಳು ಕೂಗುವ ಮೊದಲೇ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು.