ತಿಪ್ಪಿಯ ಮನೆಗೆ ಬಂದ ಚರ್ಮದ ಪುಸ್ತಕ

“ಗೂಡಿನಾಗೆ ಇಡಬ್ಯಾಡ ಕಣೇ, ದೀಪದ ಮಸಿ ಹತ್ತುತೈತೆ,” ಎಂದಳು ಅವ್ವ, ಮುದ್ದೆ ತಿರುವುತ್ತಲೇ.

ತಿಪ್ಪಿ ಗೋಡೆಯ ಗೂಡಿನಿಂದ ಪುಸ್ತಕವನ್ನು ತೆಗೆದಳು. ರಾಗಿ ತುಂಬಿಟ್ಟಿದ್ದ ವಾಡೆಯ ಮುಚ್ಚಳದ ಮೇಲಿಟ್ಟಳು. ಅಲ್ಲಿ ಇಲಿ ಓಡಾಡುತ್ತದೆ ಎಂಬುದು ನೆನಪಾಯಿತು. ಟ್ರಂಕಿಗೆ ಹಾಕಿದಳು. ಅವಳ ಪುಟ್ಟ ತಮ್ಮ ಅದರ ಮೇಲೆ ಹತ್ತಿ ಕುಣಿಯತೊಡಗಿದ. ಸರಿ, ಅಜ್ಜನ ಹೊಸ ಕಂಬಳಿಯಲ್ಲಿ ಸುತ್ತಿಟ್ಟಳು. ಕಂಬಳಿ ಗಟ್ಟಿಯಾಗಲೆಂದು ಹಾಕಿದ್ದ ಹುಣಸೆಬೀಜದ ಗಂಜಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಅಯ್ಯೋ ಎಂದು ಅದನ್ನೂ ಬಿಚ್ಚಿದಳು.

ಕೊನೆಗೆ ಹೊಟ್ಟೆಗೆ ಅವುಚಿಕೊಂಡೇ ಮಲಗಿದಳು. ನಿದ್ದೆಯಲ್ಲಿ ಅದರ ಮೇಲೆ ಹೊರಳಿಬಿಟ್ಟರೆ? ಆ ಯೋಚನೆಗೆ ನಿದ್ದೆಯೂ ಬರಲಿಲ್ಲ.

ಅದು ಅಂತಿಂಥ ಪುಸ್ತಕವಲ್ಲ. ಮುರುಗಪ್ಪ ಮೇಷ್ಟ್ರ ಅಣ್ಣ ಮಿಲಿಟ್ರಿಯಿಂದ ರಜಕ್ಕೆ ಬಂದಾಗ ತಂದುಕೊಟ್ಟದ್ದು. ಕಂದು ಚರ್ಮದ ರಟ್ಟು, ಒಳಗೆ ಗೆರೆಯಿಲ್ಲದ ದಪ್ಪ ಹಾಳೆ. ಮೇಷ್ಟ್ರು ಅದನ್ನು ಐದನೇ ಕ್ಲಾಸಿನ ಮಕ್ಕಳಿಗೇ ಕೊಟ್ಟುಬಿಟ್ಟಿದ್ದರು. ಪ್ರತಿ ಶನಿವಾರ ಅದು ಒಬ್ಬರ ಮನೆಗೆ ಹೋಗಬೇಕು. ಅವರು ತಮ್ಮ ಮನೆಯ ಬಗ್ಗೆ ಒಂದು ಪುಟ ಬರೆದು ಸೋಮವಾರ ವಾಪಸು ತರಬೇಕು. ಹಾಳು ಮಾಡಿದರೆ ಪುಸ್ತಕ ಬೀರು ಸೇರುತ್ತದೆ, ಆಮೇಲೆ ಯಾರ ಮನೆಗೂ ಇಲ್ಲ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು.

ಮುಂದಿನ ವಾರ ಹಾಲಸ್ವಾಮಿಯ ಸರದಿ. ಪುಸ್ತಕ ಇಡಲೆಂದೇ ಅವನು ಅವರವ್ವನ ಹತ್ತಿರ ಒಂದು ಬಿಸ್ಕೆಟ್ ಡಬ್ಬಿ ಕಾಡಿಬೇಡಿ ಇಸಕೊಂಡಿದ್ದ. ಹುಷಾರಾಗಿ ನೋಡಿಕೋ ಎಂದು ತಿಪ್ಪಿಗೆ ದಾರಿಯುದ್ದಕ್ಕೂ ಹೇಳಿ ಹೇಳಿ ತಲೆ ತಿಂದಿದ್ದ.

ಭಾನುವಾರ ಬೆಳಿಗ್ಗೆ ನೋಡುತ್ತಾಳೆ, ರಟ್ಟು ಮಡಿಚುವ ಕಡೆ ಸಣ್ಣ ಸಣ್ಣ ಬಿರುಕು! ಅವು ಮೊದಲಿಂದಲೂ ಇದ್ದವೋ ಏನೋ. ತಿಪ್ಪಿ ಒಂದೊಂದನ್ನೂ ಬೆರಳಿನಿಂದ ಸವರಿ ನೋಡಿದಳು.

ಚರ್ಮ ಬಿರಿದರೆ ಏನು ಮಾಡಬೇಕು ಅಂತ ಕುರಿ ಕಾಯುವವರ ಮನೆಯ ಹುಡುಗಿಗೆ ಹೇಳಿಕೊಡಬೇಕೆ? ಅಜ್ಜ ಬೀರಪ್ಪ ತನ್ನ ಕಾಲಿನ ಚರ್ಮದ ಮೆಟ್ಟಿಗೆ ಹರಳೆಣ್ಣೆ ತಿಕ್ಕಿ ಬಿಸಿಲಿಗಿಡುತ್ತಿದ್ದ. ಕುರಿಗಳ ಹಿಂದೆ ಕಲ್ಲುಮುಳ್ಳಿನಲ್ಲಿ ತಿರುಗಿದರೂ ಆ ಮೆಟ್ಟು ಮೆತ್ತಗೇ ಇರುತ್ತಿತ್ತು. ತಿಪ್ಪಿ ಎಣ್ಣೆ ಗಿಂಡಿ ತಂದಳು. ಕೈತುಂಬ ಸುರಿದುಕೊಂಡು ರಟ್ಟಿಗೆ ತಿಕ್ಕಿಯೇ ತಿಕ್ಕಿದಳು. ಚರ್ಮ ಮಿರಮಿರ ಮಿಂಚಿತು. ಅವಳಿಗೆ ಖುಷಿಯೋ ಖುಷಿ.

ಎಣ್ಣೆ ಒಳಗೇನಾದರೂ ಇಳಿದಿದೆಯೋ ನೋಡೋಣ ಎಂದು ಪುಸ್ತಕ ತೆರೆದಳು. ತನಗೆಂದು ಬಿಟ್ಟಿದ್ದ ಖಾಲಿ ಪುಟದ ಮೇಲೆ ಅಂಗೈ ಊರಿ, ಬಗ್ಗಿ ನೋಡಿದಳು. ಎಣ್ಣೆಯ ಅಂಗೈ!

ಕೈ ಎತ್ತಿದಾಗ ಪುಟದ ಮೇಲೆ ಐದೂ ಬೆರಳು ಮೂಡಿದ್ದವು. ಹಾಳೆ ತಿರುವಿದರೆ ಅದರ ಮುಂದಿನ ಹಾಳೆಗೂ ಎಣ್ಣೆ ಇಳಿಯುತ್ತಿತ್ತು. ಅದು ಹಾಲಸ್ವಾಮಿಯ ಪುಟ.

ತಿಪ್ಪಿ ಅಳುತ್ತಾ ಅಜ್ಜನ ಹತ್ತಿರ ಓಡಿದಳು. ಅಜ್ಜ ನೋಡಿದ, ನಗು ತಡೆದುಕೊಂಡ.

“ನನ್ನ ಮೆಟ್ಟಿನೊಳಗೆ ಕಾಗದ ಇಲ್ಲ ಕಣವ್ವಾ,” ಎಂದ.

ಇಬ್ಬರೂ ಸೇರಿ ಪುಟಗಳ ಮೇಲೆ ರಾಗಿಹಿಟ್ಟು ಉದುರಿಸಿದರು, ಮೇಲೆ ಕಲ್ಲು ಹೇರಿದರು. ಸಂಜೆ ಕೊಡವಿ ನೋಡಿದರೆ ಒಂದಷ್ಟು ಎಣ್ಣೆಯನ್ನು ಹಿಟ್ಟು ಹೀರಿತ್ತು. ಬೆರಳಿನ ಗುರುತು ಮಾತ್ರ ಹಾಗೇ ಇತ್ತು.

ಸೋಮವಾರ ತಿಪ್ಪಿ ಹೊಟ್ಟೆನೋವು ಎಂದಳು. ಅವ್ವ ಹೊಟ್ಟೆ ಮುಟ್ಟಿ ನೋಡಿ, ಎದ್ದು ಜಡೆ ಹಾಕಿಸ್ಕೋ ಎಂದಳು. ದಾರಿಯಲ್ಲಿ ಹಾಲಸ್ವಾಮಿ ಸಿಕ್ಕಿ ಪುಸ್ತಕ ತೋರಿಸು ಎಂದು ಗಂಟುಬಿದ್ದ. ತಿಪ್ಪಿ ಅವನ ಮುಖ ನೋಡದೆ ಸರಸರ ನಡೆದಳು.

ಕ್ಲಾಸಿನಲ್ಲಿ ಮೇಷ್ಟ್ರು ಪುಸ್ತಕವನ್ನು ಕೈಗೆ ತೆಗೆದುಕೊಂಡವರೇ ಮೂಸಿ ನೋಡಿದರು. ಆಮೇಲೆ ಅವಳ ಪುಟ ತೆರೆದರು. ತಿಪ್ಪಿ ಬಯ್ಗುಳಕ್ಕೆ ಕಾದಳು. ಬಯ್ಗುಳ ಬರಲಿಲ್ಲ.

“ಎಣ್ಣೆ ಗೊತ್ತಾಯ್ತು. ನೀನು ಬರೆದಿದ್ದು ಎಲ್ಲೈತೆ?” ಎಂದರು ಮೇಷ್ಟ್ರು.

ತಿಪ್ಪಿ ಕಣ್ಣು ಕಣ್ಣು ಬಿಟ್ಟಳು. ಬರೆಯುವುದು! ಎರಡು ದಿನ ಪುಸ್ತಕ ಹೊತ್ತು ಮನೆಯೆಲ್ಲ ಸುತ್ತಿದ್ದಳು, ಒಂದು ಅಕ್ಷರವನ್ನೂ ಬರೆದಿರಲಿಲ್ಲ.

“ಬರಿಯಾಕೆ ಟೈಮೇ ಆಗ್ಲಿಲ್ಲ ಸಾ. ಎಲ್ಲಿ ಇಡಾದು ಅಂತ ಜಾಗ ಹುಡುಕ್ತಿದ್ದೆ.”

ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರೂ ನಕ್ಕುಬಿಟ್ಟರು. ಹಾಲಸ್ವಾಮಿ ಮಾತ್ರ ನಗಲಿಲ್ಲ. ಅವನು ಬೀರುವನ್ನೇ ನೋಡುತ್ತಿದ್ದ.

“ಕುಂತ್ಕೊ, ಅದನ್ನೇ ಬರಿ,” ಎಂದು ಮೇಷ್ಟ್ರು ಪುಸ್ತಕವನ್ನು ಅವಳ ಮುಂದಿಟ್ಟರು.

ಎಣ್ಣೆಯ ಮೇಲೆ ಇಂಕು ನಿಲ್ಲಲಿಲ್ಲ. ಅದಕ್ಕೇ ತಿಪ್ಪಿ ಕೈಯ ಗುರುತಿನ ಸುತ್ತ ಬರೆದಳು. ಹೆಬ್ಬೆರಳಿನ ಪಕ್ಕ ಗೂಡು, ಕಿರುಬೆರಳಿನ ಪಕ್ಕ ರಾಗಿ ವಾಡೆ, ಮೇಲೆ ಟ್ರಂಕು ಮತ್ತು ತಮ್ಮನ ಕುಣಿತ, ಕೆಳಗೆ ಕಂಬಳಿ, ಅಜ್ಜ, ಅಜ್ಜನ ಮೆಟ್ಟು. ಬರೆಯುತ್ತ ಬರೆಯುತ್ತ ಮನೆಯೆಲ್ಲ ಆ ಪುಟಕ್ಕೆ ಬಂದುಬಿಟ್ಟಿತು.

ಮೇಷ್ಟ್ರು ಓದಿದರು. ಬೀರುವಿನ ಕಡೆ ಹೋಗಲಿಲ್ಲ. ಪುಸ್ತಕವನ್ನು ಎಂದಿನಂತೆ ತಮ್ಮ ಮೇಜಿನ ಮೇಲೇ ಇಟ್ಟರು.

ಶನಿವಾರ ಪುಸ್ತಕ ಹಾಲಸ್ವಾಮಿಯ ಕೈಗೆ ಬಂತು. ಅವನು ಅಲ್ಲೇ ಡಬ್ಬಿ ತೆರೆದ. ಒಳಗೆ ನೀಟಾಗಿ ಪೇಪರ್ ಹಾಸಿದ್ದ. ಪುಸ್ತಕ ಇಳಿಸಿ ಮುಚ್ಚಳ ಹಾಕಿ, ಅದರ ಮೇಲೆ ಹುರಿ ಬಿಗಿಯತೊಡಗಿದ. ನಿನ್ನ ಬೆರಳು ನನ್ನ ಪುಟದಾಗೂ ಐತಲ್ಲ ಎಂದು ಗೊಣಗಿದ.

“ಅದ್ರ ಸುತ್ತ ಜಾಗ ಐತೆ ಕಣೋ,” ಎಂದಳು ತಿಪ್ಪಿ.

ಅವನು ಹುರಿಗೆ ಇನ್ನೊಂದು ಗಂಟು ಹಾಕಲು ಹೋದ. ತಿಪ್ಪಿ ಅವನ ಕೈ ಹಿಡಿದಳು.

“ಗಂಟು ಆಮೇಲೆ ಹಾಕು. ಮೊದ್ಲು ಬರಿ.”