ತಾಯಪ್ಪನ ಸೈಕಲ್ ಫೋಟೋ

“ಹೇಳು! ಆಕಿಗಿ ಯಾವ ಹಾಡು ಸೇರ್ತದ?”

ನನ್ನ ಬೆನ್ನ ಹಿಂದೆ ನಾಲ್ಕು ಅಂತಸ್ತು ಬರೀ ಗಾಳಿ. ಅದರ ಕೆಳಗೆ ಜಲ್ಲಿಕಲ್ಲಿನ ರಾಶಿ!

ಪುಣೆಯ ಕೊಂಢವಾ ಬಡಾವಣೆಯಲ್ಲಿ ಅರ್ಧ ಕಟ್ಟಿದ ಕಟ್ಟಡ. ಮಟಮಟ ಮಧ್ಯಾಹ್ನ. ದಾಂಡಿಗನೊಬ್ಬ ನನ್ನ ಕಾಲರ್ ಹಿಡಿದು ಅಂಚಿನಿಂದ ಹೊರಗೆ ವಾಲಿಸಿದ್ದ. ಶರ್ಟು ಹೊಸದು. ಹೊಲಿಗೆ ಎಷ್ಟು ಗಟ್ಟಿ ಅಂತ ನನಗಿನ್ನೂ ಗೊತ್ತಿರಲಿಲ್ಲ.

ಪ್ರಶ್ನೆ ಕೇಳಿದವನು ಆ ದಾಂಡಿಗನಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ ತಾಯಪ್ಪ. ಯಾದಗಿರಿ ಕಡೆಯಿಂದ ಕಲ್ಲು ಹೊರಲು ಬಂದವನು. ಈಗ ಅವನ ಹೆಸರು ಕೇಳಿದರೆ ಬಿಲ್ಡರುಗಳು ಎದ್ದು ನಿಲ್ಲುತ್ತಾರೆ!

ನಾನು ಅಂಬಣ್ಣ. ಬೇರೆಯವರ ತಂಟೆ ಬಿಡಿಸುವುದು ನನ್ನ ಕಸುಬು. ಆ ವಾರದ ತಂಟೆ ನಿಗಡಿಯ ನೀತಾ... ಫೋಟೋಗ್ರಾಫರ್. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಅಲೆಯುವ ಹೆಣ್ಣುಮಗಳು. ಅಂದು ಸಂಜೆ ಯೆರವಡಾದಲ್ಲಿ ಅವರ ಪ್ರದರ್ಶನ. ಅಲ್ಲಿಯವರೆಗೆ ಫೋಟೋಗಳನ್ನು ಕಾಯಲು ನನ್ನನ್ನು ಇಟ್ಟುಕೊಂಡಿದ್ದರು. ಅದು ಗೊತ್ತಾಗಿಯೇ ತಾಯಪ್ಪ ನನ್ನನ್ನು ಇಲ್ಲಿಗೆ ಕರೆಸಿದ್ದ.

“ಹಾಡು ಯಾಕ್ರಿ ತಾಯಪ್ಪಣ್ಣ?”

“ಪ್ರತಿ ಮನುಷ್ಯಾಗ ಒಂದು ಸೇರೋದು ಇರ್ತದ. ಅದನ್ನ ಕೊಟ್ರ ಬಗ್ತಾನ. ಆಕಿ ಒಂದು ಫೋಟೋ ಗ್ವಾಡಿಂದ ಇಳಸಬೇಕು. ಹೇಳು!”

“ರಾತ್ರಿ ರಾಗ ಸೇರ್ತಾವರಿ. ದರ್ಬಾರಿ, ಮಾಲಕಂಸ... ಬರೇ ಆಲಾಪ. ತಬಲಾ ಸುರುವಾತಂದ್ರ ಎದ್ದು ಹೋಗ್ತಾರ.”

“ಎರಡು ಟ್ರಕ್ ಡೀಜೆ ಕಳಸ್ಲಾ?”

“ಬ್ಯಾಡ್ರಿ!”

“ಸಿನಿಮಾ?”

“ಕಪ್ಪು-ಬಿಳುಪಿನವು. ಮನುಷ್ಯಾಗಿಂತ ಮೊದ್ಲ ಅವನ ನೆರಳು ಮೆಟ್ಟಲ ಇಳೀಬೇಕು. ಕಡೀ ಸೀನ್ ನೋಡಂಗಿಲ್ಲ.”

“ಯಾಕ?”

“ಕಡೀಕ ಬೆಳಕ ಹರೀತದಲ್ರಿ... ಅವ್ರಿಗೆ ಬೆಳಕ ಸೇರಂಗಿಲ್ಲ.”

ಕಾಲರಿನ ಒಂದು ಹೊಲಿಗೆ ಬಿಟ್ಟಿತು. ಪರ್...!

“ಚಿತ್ರ? ದೇವರ ಚಿತ್ರಕ್ಕ ಬೆಳ್ಳಿ ಕಟ್ಟು ಹಾಕ್ಸಿ ಕೊಡ್ಲಾ?”

“ಚಿತ್ರ ಪೂರಾ ಕರ್ರಗಿರಬೇಕ್ರಿ. ಮೂಲ್ಯಾಗ ಒಂದು ಚಿಮಣಿ ಉರದ್ರ ಸಾಕು.”

ತಾಯಪ್ಪ ಕೈಯಲ್ಲಿದ್ದ ಶೇಂಗಾ ಚೆಲ್ಲಿದ. “ಎಂಥ ಹೆಣಮಗಳೋ! ಕೊಡ್ಲಿಕ್ಕ ಒಂದೂ ಇಲ್ಲಲ್ಲ!”

ನನಗೂ ಕೆಟ್ಟ ಕುತೂಹಲ. ಪ್ರಾಣಕ್ಕೆ ಕುತ್ತು ಬಂದಾಗಲೂ ಬಿಡದ ರೋಗ ಅದು.

“ಅಂಥಾದ್ದು ಏನದರಿ ಆ ಫೋಟೋದಾಗ? ಹೆಣ ಬಿದ್ದದೇನು?”

ಅವನು ಕೈ ಬೀಸಿದ. ದಾಂಡಿಗ ನನ್ನನ್ನು ಒಳಗೆಳೆದು ಕೆಳಗಿಳಿದು ಹೋದ. ತಾಯಪ್ಪ ಸುತ್ತ ನೋಡಿದ. ದನಿ ತಗ್ಗಿಸಿದ.

“ಅದರಾಗ... ನಾ ಸೈಕಲ್ ಕಲೀಲಿಕತ್ತೀನಿ.”

ನಗಬೇಡಿ. ನಾನೂ ನಗಲಿಲ್ಲ. ನಕ್ಕಿದ್ದರೆ ಈ ಕತೆಯನ್ನು ನಿಮಗೆ ಬೇರೆ ಯಾರೋ ಹೇಳಬೇಕಾಗುತ್ತಿತ್ತು!

“ಪುಣೆದಾಗ ಮೊಲಿ ಕುಡಿಯೋ ಕೂಸಿಗೂ ಸೈಕಲ್ ಬರ್ತದ. ನಂಗ ಬರಂಗಿಲ್ಲ. ರಾತ್ರಿ ಅವ್ವ ಹಿಂದಿಂದ ಕ್ಯಾರಿಯರ್ ಹಿಡೀತಾಳ, ನಾ ತುಳೀತೀನಿ. ಯೆರವಡಾ ಜೈಲಿನ ಹಿಂದಿನ ರಸ್ತಾದಾಗ.”

“ಅಲ್ಲೇ ಯಾಕ್ರಿ?”

“ನನ್ನ ಗುರುತಿನ ಮಂದಿ ಎಲ್ಲಾ ಒಳಗ ಇರ್ತಾರ. ಹೊರಗ ಯಾರೂ ನೋಡಂಗಿಲ್ಲ.”

ನೀತಾ ನೋಡಿದ್ದರು. ಕ್ಯಾಮೆರಾ ಸಮೇತ!

“ಸಂಜಿಗಿ ಊರೆಲ್ಲ ನಕ್ಕರ ನಾಳಿಂದ ನಂಗ ಯಾರು ಹೆದರ್ತಾರ? ಕೊಟ್ಟು ಬಗ್ಸಲಿಕ್ಕ ಆಗಂಗಿಲ್ಲಂದ್ರ... ಸುಟ್ಟೇ ಬಿಡ್ತೀನಿ!”

ಜೇಬಿನಿಂದ ಲೈಟರ್ ಹೊರಬಂತು.

ನಾನು ಹಾರಿದೆ! ಕಟ್ಟಡದ ಸುತ್ತ ಕಟ್ಟಿದ್ದ ಬಿದಿರಿಗೆ ಜೋತುಬಿದ್ದು, ಅಂಗೈ ಸುಲಿದುಕೊಂಡು ಕೆಳಗಿಳಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆಕ್ಟಿವಾ ಸ್ಟಾರ್ಟ್ ಮಾಡಿದೆ. ಹಿಂದೆಯೇ ತಾಯಪ್ಪನ ಜೀಪು!

ಸಂದಿ, ಗೊಂದಿ, ರಾಂಗ್ ಸೈಡ್... ಯಾವುದನ್ನೂ ಬಿಡಲಿಲ್ಲ. ಯೆರವಡಾ ಸೇತುವೆಯ ಹತ್ತಿರ ಟ್ರಾಫಿಕ್ ಜಾಮ್. ನನ್ನ ಸ್ಕೂಟರ್ ನುಸುಳಿತು. ಜೀಪು ಸಿಕ್ಕಿಹಾಕಿಕೊಂಡಿತು. ಗೆದ್ದೆ ಅಂದುಕೊಂಡು ಕನ್ನಡಿ ನೋಡಿದೆ.

ಅಯ್ಯೋ ಶಿವನೆ!

ಯಾರದೋ ಸೈಕಲ್ ಕಸಿದುಕೊಂಡು ತಾಯಪ್ಪ ಬರುತ್ತಿದ್ದ! ಹ್ಯಾಂಡಲ್ ಎತ್ತಲೋ, ಅವನು ಎತ್ತಲೋ!

“ಬಾಜೂಲಾ ವ್ಹಾ! ಬಾಜೂಲಾ ವ್ಹಾ!” ಪಕ್ಕಕ್ಕೆ ಸರೀರಿ ಅಂತ ಮರಾಠಿಯಲ್ಲಿ ಅರಚುತ್ತಿದ್ದ.

ಮಾನ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಹಾಡಹಗಲೇ ಸೈಕಲ್ ಏರಿದ್ದೇನೆ ಅನ್ನುವುದೇ ಪುಣ್ಯಾತ್ಮನಿಗೆ ಮರೆತುಹೋಗಿತ್ತು.

ನಾನು ಗ್ಯಾಲರಿಗೆ ನುಗ್ಗಿದೆ. ಒಳಗೆ ಕತ್ತಲು. ನೀತಾ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿಸಿದ್ದರು. ಅವರು ಕಪ್ಪು ಕನ್ನಡಕ ಹಾಕಿಕೊಂಡೇ ಬೆಂಚಿನ ಮೇಲೆ ಮಲಗಿದ್ದರು.

“ಅಕ್ಕಾರ, ಏಳ್ರಿ! ತಾಯಪ್ಪ ಸೈಕಲ್ ಫೋಟೋ ಸುಡಾಕ ಬರಾಕತ್ತಾನ!”

“ಸಂಜಿ ಆತೇನ್ರಿ?”

“ಇಲ್ರಿ!”

“ಹಂಗಾರ ಆಮ್ಯಾಲೆ ಎಬ್ಬಸ್ರಿ.”

ತಲೆ ಚಚ್ಚಿಕೊಳ್ಳುವಂತಾಯಿತು! ನಾನು ಫೋಟೋ ಇಳಿಸಲು ಕೈ ಹಾಕಿದೆ. ಅವರು ದಡಬಡಿಸಿ ಎದ್ದರು.

“ಮುಟ್ಟಬ್ಯಾಡ್ರಿ! ಇಷ್ಟು ವರ್ಷ ರಾತ್ರಿ ತಿರಗಿದ್ದಕ್ಕ ನಂಗ ಮನಸಿಗೆ ಬಂದ ಒಂದ ಒಂದು ಫೋಟೋ ಅದು. ಅದಿಲ್ಲಂದ್ರ ಪ್ರದರ್ಶನನೂ ಬ್ಯಾಡ.”

ಹೊರಗೆ ಧಡಾರ್ ಅಂತ ಸದ್ದು. ಸೈಕಲ್ ಗೇಟಿಗೆ ಗುದ್ದಿತ್ತು. ಬ್ರೇಕ್ ಪಾಠ ಇನ್ನೂ ಆಗಿರಲಿಲ್ಲವೇನೋ!

ತಾಯಪ್ಪ ಕುಂಟುತ್ತ ಬಂದ. ನನ್ನನ್ನು ಒಂದೇ ಏಟಿಗೆ ಗೋಡೆಗೆ ಒಗೆದ. ಕತ್ತಲಲ್ಲಿ ಏನೂ ಕಾಣದೆ ಲೈಟರ್ ಹಚ್ಚಿ, ಒಂದೊಂದೇ ಫೋಟೋ ನೋಡುತ್ತ ಬಂದವನು ಅದರ ಮುಂದೆ ನಿಂತ.

ಚಕ್ರದ ಮೇಲೆ ಬೀದಿದೀಪದ ಒಂದು ಗೆರೆ. ಕ್ಯಾರಿಯರ್ ಹಿಡಿದ ಮುದಿಕೈ. ಹಿಂದೆ ಓಡುತ್ತ ನೆಲ ಬಿಟ್ಟ ಮುದುಕಿಯ ಎರಡು ಬರಿಗಾಲು. ಉಳಿದದ್ದೆಲ್ಲ ಕತ್ತಲು... ಸೈಕಲ್ ಮೇಲಿದ್ದವನೂ ಸೇರಿ.

“ಅವ್ವ...” ಅಂದ.

“ಅಲ್ಲಾಡಬ್ಯಾಡ್ರಿ! ಹಂಗ ಇರ್ರಿ!”

ಕ್ಲಿಕ್! ನೀತಾ ಕ್ಯಾಮೆರಾ ಎತ್ತಿದ್ದರು. ಅಂಥ ತಾಯಪ್ಪನೂ ಉಸಿರು ಬಿಗಿಹಿಡಿದು ನಿಂತಿದ್ದ!

“ನನ್ನ ಮುಖ ಎಲ್ಲದ?”

“ಕತ್ತಲದಾಗ ಅದರಿ. ನಾ ಮುಖ ತೋರ್ಸಂಗಿಲ್ಲ. ನಂಗ ಸೇರಂಗಿಲ್ಲ.”

“ನಾನಂತ ಯಾರಿಗೂ ತಿಳ್ಯಂಗಿಲ್ಲ?”

“ನಿಮ್ಮವ್ವಗ ತಿಳೀತದ.”

ಅಬ್ಬಾ! ಬದುಕಿದೆವು ಅಂದುಕೊಂಡೆ. ಆದರೆ ತಾಯಪ್ಪನ ಕಣ್ಣು ಕೆಂಪಾದವು.

“ಮುಖ ಇಲ್ಲಂದ್ರ ನಮ್ಮವ್ವ ಯಾರ ಮಗನ್ನ ಹಿಡದು ಓಡ್ಲಿಕತ್ತಾಳಂತ ಮಂದಿ ತಿಳೀಬೇಕು? ಬೆಳಕ ಹಾಕು! ಮುಖ ತೋರ್ಸು!”

“ಆಗಂಗಿಲ್ರಿ.”

“ಸುಡ್ತೀನಿ!”

“ಸುಡ್ರಿ. ಬೆಳಕ ಮಾತ್ರ ಹಾಕಂಗಿಲ್ಲ.”

ನೀತಾರ ಮಾತು ನಡುಗಲಿಲ್ಲ. ಕತ್ತಲ ಹುಚ್ಚು ನನಗೆ ಅರ್ಥವಾಗುವುದಿಲ್ಲ. ಆದರೂ ಆ ಗಳಿಗೆಯಲ್ಲಿ ಅವರನ್ನು ಕಂಡು ನನಗೆ ಹೆಮ್ಮೆಯಾಯಿತು.

ಉರಿ ಫೋಟೋದ ಹತ್ತಿರ ಹೋಯಿತು. ಆ ಬರಿಗಾಲುಗಳ ಹತ್ತಿರ... ಇನ್ನೂ ಹತ್ತಿರ...

ಅವನ ಕೈ ಮುಂದೆ ಹೋಗಲಿಲ್ಲ. ಲೈಟರ್ ಆರಿಸಿ ಜೇಬಿಗಿಟ್ಟ. ಅವ್ವನ ಕಾಲಿಗೆ ಬೆಂಕಿ ಇಡುವಷ್ಟು ದೊಡ್ಡ ರೌಡಿ ಅವನಾಗಿರಲಿಲ್ಲ.

ಸಂಜೆ ಪ್ರದರ್ಶನಕ್ಕೆ ಹಾಲ್ ತುಂಬ ಜನ. ತಾಯಪ್ಪ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆ ಫೋಟೋದ ಪಕ್ಕದಲ್ಲೇ ಕಾವಲು ನಿಂತ. ಬಂದವರ ತೋಳು ಹಿಡಿದು ಎಳೆದ.

“ನೋಡ್ರಿ! ಇದು ನಾನು! ಹಿಡದಾಕಿ ನಮ್ಮವ್ವ!”

ಎಲ್ಲರೂ ಆ ಕಗ್ಗತ್ತಲನ್ನು ನೋಡಿದರು. ಆಮೇಲೆ ತಾಯಪ್ಪನನ್ನು ನೋಡಿದರು.

ಮುಖ ಭಾಳ ಚೆನ್ನಾಗಿ ಬಂದಿದೆ ಅಂದರು.