ಏಳು ತಿಂಗಳ ಕಾರಿನ ಕೂಗು

“ಈಗ ಕೇಳಿಸ್ತಾ?”

“ಕೇಳಿಸ್ತು ಮೇಡಂ. ಸಣ್ಣಗೆ ‘ಕೀ’ ಅಂತು.”

ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದ ಮೆಕ್ಯಾನಿಕ್ ಈಗ ಕಣ್ಣು ಬಿಟ್ಟ. ಸ್ಟೀರಿಂಗ್ ಹಿಡಿದಿದ್ದ ಅವಳು ಅವನನ್ನೇ ನೋಡುತ್ತಿದ್ದಳು. ಏರು ರಸ್ತೆಯಲ್ಲಿ ಕಾರು ತಾನಾಗಿಯೇ ನಿಧಾನವಾಗಿ ನಿಂತಿತ್ತು.

“ಬ್ರೇಕ್ ಒತ್ತಿದ್ರೆ ತಾನೇ ಆ ಶಬ್ದ ಬರೋದು? ನಾನು ಬ್ರೇಕ್ ಮುಟ್ಟೇ ಇಲ್ಲ. ನಿಂತ್ಮೇಲೆ ಹ್ಯಾಂಡ್‌ಬ್ರೇಕ್ ಎಳೆದೆ, ಅಷ್ಟೆ.”

ಅವನ ಮುಖ ಇಂಗು ತಿಂದ ಮಂಗನಂತಾಯಿತು.

ಪಾಪ, ಅವನಿಗೇನು ಗೊತ್ತು! ಅವಳ ಕೆಲಸವೇ ಅದು. ಕಿವಿ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ಜನರಿಗೆ ಹೆಡ್‌ಫೋನ್ ಹಾಕಿ, ‘ಶಬ್ದ ಕೇಳಿದಾಗ ಗುಂಡಿ ಒತ್ತಿ’ ಎನ್ನುತ್ತಾಳೆ. ಕೆಲವರು ಕೇಳಿಸದಿದ್ದರೂ ಒತ್ತುತ್ತಾರೆ. ಅಂಥವರಿಗೆ ಅವಳು ಶಬ್ದವನ್ನೇ ಕಳಿಸದೆ ಸುಮ್ಮನೆ ಕಾಯುತ್ತಾಳೆ. ಒತ್ತಿದರೋ, ಸಿಕ್ಕಿಬಿದ್ದರು!

“ಯಾಕ್ರೀ ಸುಳ್ಳು ಹೇಳಿದ್ರಿ?”

“ಅದು... ನಿಮ್ಮ ಮುಖ ನೋಡಿ...”

“ಪಾಪ ಅನ್ನಿಸ್ತಾ?” ಅವಳು ಸ್ಟೀರಿಂಗಿಗೆ ಗುದ್ದಿದಳು. “ಮೂರು ಸಲ ಗ್ಯಾರೇಜಿಗೆ ಬಂದೆ. ಯಾರಿಗೂ ಏನೂ ಕೇಳ್ಸಿಲ್ಲ. ನನಗೆ ಮಾತ್ರ ದಿನಾ ಬೆಳಿಗ್ಗೆ ಕೇಳ್ಸುತ್ತೆ. ಭಾನುವಾರ ನಮ್ಮಣ್ಣ ಬರ್ತಾನೆ. ಕಾರು ಮಾರಿ, ಕೆಲಸ ಬಿಡ್ಸಿ, ನನ್ನ ಕರ್ಕೊಂಡು ಹೋಗೋಕೆ! ಹೋದ ವರ್ಷ ಅಮ್ಮ ಹೋದ್ಮೇಲೆ ನನಗೆ ಎರಡು ತಿಂಗಳು ಅಡುಗೆಮನೆಯಿಂದ ಅಮ್ಮನ ದನಿ ಕೇಳಿಸ್ತಿತ್ತು. ಮಾತ್ರೆ ತಗೊಂಡೆ, ಹೋಯ್ತು. ಈಗ ಮತ್ತೆ ಶುರುವಾಗಿದೆ ಅಂತ ಅವನ ಲೆಕ್ಕ. ನಂಗೆ ಪಾಪ ಅನ್ನೋರು ಬೇಡ. ಕೇಳೋರು ಬೇಕಿತ್ತು.”

“ಮೇಡಂ, ನಾನು...”

“ಇಳೀರಿ.”

“ಗ್ಯಾರೇಜು ಎರಡು ಕಿಲೋಮೀಟರ್...”

“ಇಳೀರಿ ಅಂದೆ!”

ಅವನು ಇಳಿದ. ಕನ್ನಡಿಯಲ್ಲಿ ಅವನು ತಲೆ ತಗ್ಗಿಸಿ ನಡೆದು ಹೋಗುವುದು ಕಾಣುತ್ತಿತ್ತು. ಅವಳು ಅತ್ತುಬಿಟ್ಟಳು. ಬೇರೆ ಯಾರು ಸುಳ್ಳು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ... ಅದು ಅವಳಿಗೂ ಗೊತ್ತಾಗಿತ್ತು. ಮೂರು ಸಲವೂ ಬೇರೆಯವರು ನಕ್ಕಾಗ ಇವನೊಬ್ಬ ನಕ್ಕಿರಲಿಲ್ಲವಲ್ಲ!

ಆದರೆ ಅವಳು ಅವನಿಗೂ, ಅಣ್ಣನಿಗೂ ಒಂದು ಮಾತು ಹೇಳಿರಲಿಲ್ಲ. ಆ ಶಬ್ದ ಬರೀ ಕಿರುಚಾಟವಲ್ಲ. ಮುಚ್ಚಿದ ನೂಲಿನ ಗಿರಣಿಯ ಉದ್ದ ಗೋಡೆಯ ತಿರುವಿನಲ್ಲಿ, ಮಂಜಿನೊಳಗೆ, ಅವಳು ಬ್ರೇಕ್ ಒತ್ತಿದಾಗ ಅದು ಸಣ್ಣಗೆ ಹುಟ್ಟಿ, ಕೊನೆಗೆ ಎಳೆದುಕೊಂಡು ಹೋಗುತ್ತಿತ್ತು. ಯಾರೋ ಹೆಂಗಸು ದೂರದಿಂದ ‘ಬಾ...’ ಎಂದು ಕರೆದಂತೆ. ಇದನ್ನು ಹೇಳಿದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಹೇಳಿ ನೀವೇ!

ಶನಿವಾರ ಬೆಳಿಗ್ಗೆ ಆರು ಗಂಟೆ. ಮನೆಯ ಗೇಟು ತೆರೆದವಳ ಎದೆ ಧಸಕ್ಕೆಂದಿತು. ಮಂಜಿನಲ್ಲಿ ಯಾರೋ ಅಲುಗಾಡದೆ ನಿಂತಿದ್ದರು.

“ಯಾ... ಯಾರದು?”

“ನಾನೇ ಮೇಡಂ. ಮೆಕ್ಯಾನಿಕ್.”

“ಅಬ್ಬಾ! ಜೀವ ಬಾಯಿಗೆ ಬಂತು. ಇಲ್ಲೇನು ಮಾಡ್ತಿದ್ದೀರಿ?”

“ಎರಡು ಕಿಲೋಮೀಟರ್ ನಡೆದ್ರೆ ಬುದ್ಧಿ ಬರುತ್ತೆ ಮೇಡಂ. ವಿಳಾಸ ಗ್ಯಾರೇಜಿನ ಬಿಲ್ಲಲ್ಲಿತ್ತು.” ಅವನ ಕೂದಲ ಮೇಲೆಲ್ಲ ಇಬ್ಬನಿ. “ನೀವು ಗ್ಯಾರೇಜಿಗೆ ಬರೋದು ಹನ್ನೊಂದು ಗಂಟೆಗೆ. ಅಷ್ಟೊತ್ತಿಗೆ ಬ್ರೇಕ್ ಒಣಗಿ ಬಿಸಿಯಾಗಿರುತ್ತೆ. ರಾತ್ರಿಯೆಲ್ಲ ಹೊರಗೆ ನಿಂತು ತಣ್ಣಗಾದ ಕಾರನ್ನ ನಾವ್ಯಾರೂ ಓಡ್ಸಿ ನೋಡೇ ಇಲ್ಲ. ತಪ್ಪು ನಮ್ದು.”

“ಇವತ್ತೂ ಕೇಳಿಸದೆ ಹೋದ್ರೆ?”

“ಕೇಳಿಸ್ಲಿಲ್ಲ ಅಂತೀನಿ. ನೀವು ಮತ್ತೆ ಕೆಳಗಿಳಿಸಿದ್ರೂ ಸರಿ.”

ಅವಳಿಗೆ ನಗು ಬಂತು. ತಡೆದುಕೊಂಡಳು.

ಮೊದಲ ತಿರುವು. ಬ್ರೇಕ್ ಒತ್ತಿದಳು. ಶಬ್ದವಿಲ್ಲ.

“ಇಲ್ಲ,” ಅಂದ ಅವನು.

ಎರಡನೆಯದು. “ಇಲ್ಲ.”

ಅವಳು ಗೇರ್ ಬದಲಿಸಿದಳು. *ದೇವರೇ... ಇವತ್ತೂ ಬರದಿದ್ದರೆ? ನಿಜವಾಗಿಯೂ ನನ್ನ ತಲೆಯೊಳಗೇ ಇದ್ದರೆ?*

ಗಿರಣಿಯ ಗೋಡೆ ಮಂಜಿನಿಂದ ಹೊರಬಂತು. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ನಾಯಿಯೂ ಸುಳಿಯದ ರಸ್ತೆ. ತಿರುವು ಬಂತು. ಅವಳು ಎಂದಿನಂತೆ ಮೆಲ್ಲಗೆ ಪಾದ ಇಟ್ಟಳು.

ಕೀ...ಈ...ಈ...

ಅವನು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡ! ಕಾರು ನಿಂತಿತು.

“ಎಡಗಡೆ, ಮುಂದಿನ ಚಕ್ರ,” ಅಂದ ಅವನು. “ಮೊದ್ಲು ಸಣ್ಣಗೆ. ಆಮೇಲೆ ಎಳೀತು... ಹೆಂಗೆ ಹೇಳ್ಲಿ... ಯಾರೋ ಕರೆದ ಹಾಗೆ.”

ಅವಳ ಕಣ್ಣಿಂದ ದಳದಳ ನೀರು ಸುರಿಯಿತು.

“ಅಯ್ಯೋ, ಅಳ್ತೀರ್ಯಾಕೆ?”

“ಕರೆದ ಹಾಗೆ ಅಂತ ನಾನು ನಿಮಗೆ ಹೇಳಿರ್ಲಿಲ್ಲ ಕಣ್ರೀ... ಯಾರಿಗೂ ಹೇಳಿರ್ಲಿಲ್ಲ!”

ಅವನು ಇಳಿದು, ಟಾರ್ಚ್ ಹಿಡಿದು ಚಕ್ರದ ಸಂದಿಯಲ್ಲಿ ಇಣುಕಿದ. ಎದ್ದು ಬಂದಾಗ ಅವನ ಮುಖಕ್ಕೆ ಬಣ್ಣ ವಾಪಸ್ಸು ಬಂದಿತ್ತು.

“ಬ್ರೇಕ್ ಪ್ಯಾಡ್ ಗಾಜಿನ ಹಾಗೆ ನುಣ್ಣಗಾಗಿದೆ. ಹೊಸ ಕಾರಿನ ಪ್ಯಾಡು ಮೊದಲು ನಾಲ್ಕು ಸಲ ಗಟ್ಟಿಯಾಗಿ ಕಚ್ಚಬೇಕು. ನೀವೋ, ಮಗು ತಲೆ ಸವರೋ ಹಾಗೆ ಒತ್ತುತ್ತೀರಿ. ಅದು ಕಚ್ಚೋದೇ ಕಲೀಲಿಲ್ಲ. ಮೇಲೆ ಇಬ್ಬನಿ ಕೂತ್ರೆ ಕಿರುಚದೆ ಇನ್ನೇನು ಮಾಡುತ್ತೆ?”

“ನನ್ನ ಮೊದಲ ಕಾರು, ತಗೊಂಡು ಏಳೇ ತಿಂಗಳು. ಎಲ್ಲಿ ನೋವಾಗುತ್ತೋ ಅಂತ...”

“ಕಬ್ಬಿಣಕ್ಕಾ?!” ಅವನು ನಕ್ಕುಬಿಟ್ಟ. “ಈ ರಸ್ತೆ ಖಾಲಿ ಇದೆ. ಅರವತ್ತಕ್ಕೆ ಹೋಗಿ, ಹಿಂದೆ ನೋಡ್ಕೊಂಡು ಜೋರಾಗಿ ಒತ್ತಿ. ಹತ್ತು ಸಲ. ನಾನಿದ್ದೀನಿ.”

ಮೊದಲ ಸಲ ಅವಳು ಹೆದರಿ ಕೂಗಿದಳು. ನಾಲ್ಕನೆಯದಕ್ಕೆ ಕಾರು ಕೂಗಿತು. ಏಳನೆಯದಕ್ಕೆ ಬರೀ ಗೊರಗೊರ. ಹತ್ತನೆಯದಕ್ಕೆ... ಏನೂ ಇಲ್ಲ! ಸುಟ್ಟ ವಾಸನೆಯೊಂದು ತೇಲಿ ಬಂತು, ಅಷ್ಟೆ.

ಬ್ರೇಕ್ ಆರಲೆಂದು ಒಂದಷ್ಟು ದೂರ ಸುಮ್ಮನೆ ಓಡಿಸಿ, ಮತ್ತೆ ಗೋಡೆಯ ಪಕ್ಕದಲ್ಲೇ ನಿಲ್ಲಿಸಿದರು. ಅವನೇ ಅವಳ ಫೋನು ಇಸಿದುಕೊಂಡು ಅಣ್ಣನಿಗೆ ಹೇಳಿದ: “ಸಾರ್, ಬ್ರೇಕ್ ಕಿರುಚ್ತಿತ್ತು. ನನ್ನ ಕಿವಿಯಾರೆ ಕೇಳ್ದೆ. ನಿಮ್ಮ ತಂಗಿ ಸರಿಯಾಗೇ ಹೇಳಿದ್ರು. ಗ್ಯಾರೇಜಿನೋರ ಕಿವಿ ಕೆಟ್ಟಿತ್ತು.”

ಅಣ್ಣ ಎಲ್ಲ ಕೇಳಿಸಿಕೊಂಡ. ಆಮೇಲೆ, “ಪುಟ್ಟಿಗೆ ಕೊಡಿ,” ಅಂದ. “ಪುಟ್ಟೀ... ತಪ್ಪಾಯ್ತಮ್ಮಾ. ನಾಳೆ ಬರ್ತೀನಿ, ಬರೀ ಊಟಕ್ಕೆ.”

ಅವಳು ಎಂಜಿನ್ ಆರಿಸಿ, ಕೀಲಿ ಕೈಗೆ ತೆಗೆದುಕೊಂಡು ಸೀಟಿಗೆ ಒರಗಿದಳು. ಎಷ್ಟು ದಿನದ ಮೇಲೆ ಹಗುರವಾದ ಉಸಿರು!

“ಅವತ್ತು ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಕಾರಣ ಇತ್ತು,” ಅವನು ತನ್ನ ಉಗುರಿನ ಮಸಿ ನೋಡಿಕೊಳ್ಳುತ್ತಾ ಹೇಳಿದ. “ಏನೂ ಇಲ್ಲ ಅಂದ್ರೆ ನೀವು ಮತ್ತೆ ಬರಲ್ಲ. ಇದೆ ಅಂದ್ರೆ...”

ಮಾತು ಅಲ್ಲಿಗೇ ನಿಂತಿತು.

ಕೀ...ಈ...ಈ...

ಗೋಡೆಯ ಆಚೆಯಿಂದ. ಮೊದಲು ಸಣ್ಣಗೆ... ಆಮೇಲೆ ಎಳೆದು... ಕೊನೆಗೆ ಇನ್ನೇನು ಒಂದು ಮಾತಾಗುತ್ತದೆ ಎನ್ನುವಾಗ ನಿಂತುಹೋಯಿತು.

ಕಾರು ನಿಂತಿದೆ. ಕೀಲಿ ಅವಳ ಮುಷ್ಟಿಯೊಳಗಿದೆ. ಕತ್ತು ಹೊರಳಿಸಲೂ ಧೈರ್ಯ ಬರಲಿಲ್ಲ. *ಇವನು ಇಲ್ಲ ಅಂದುಬಿಡಲಿ... ಬೇಡ, ಇಲ್ಲ ಅಂದರೆ ನಾನು ಮತ್ತೆ ಒಂಟಿ...* ಅವಳು ಏನನ್ನೂ ಕೇಳಲಿಲ್ಲ. ಕೋಣೆಯಲ್ಲಿ ರೋಗಿಯ ಬೆರಳು ನೋಡುತ್ತಾ ಕಾಯುವಂತೆ ಉಸಿರು ಬಿಗಿಹಿಡಿದು ಕಾದಳು.

ಅವನು ಗೋಡೆಯ ಕಡೆ ನೋಡಿದ.

“ಕೇಳಿಸ್ತು,” ಅಂದ.

“...ಸುಳ್ಳು ಹೇಳ್ಬೇಡಿ.”

“ಇಲ್ಲ. ಇದು ಬ್ರೇಕಲ್ಲ. ಏನು ಅಂತ ನನಗೆ ಗೊತ್ತಿಲ್ಲ. ಆದ್ರೆ ಕೇಳಿಸ್ತು.”

“ಅಣ್ಣನಿಗೆ ಗೊತ್ತಾದ್ರೆ ನಿಮಗೂ ಮಾತ್ರೆ ನುಂಗಿಸ್ತಾನೆ.”

“ನುಂಗೋಣ ಬಿಡಿ, ಇಬ್ರೂ.” ನಗಲು ಹೋದ, ಆಗಲಿಲ್ಲ. “ದಿನಾ ಬೆಳಿಗ್ಗೆ ಈ ದಾರೀಲಿ ನಾನೂ ಬರ್ತೀನಿ. ಜೀವನ ಪೂರ್ತಿ ಬಾ ಅಂದ್ರೂ ಬರ್ತೀನಿ. ಒಬ್ರನ್ನೇ ಬಿಡಲ್ಲ.”

“ನಿಮಗೆ ಹೆದರಿಕೆ ಆಗಲ್ವಾ?”

“ತುಂಬಾ ಆಗ್ತಿದೆ. ನೋಡಿ.” ಅವನು ಕೈ ಚಾಚಿದ. ನಡುಗುತ್ತಿತ್ತು.

ಅವಳು ಆ ಕೈ ಹಿಡಿದುಕೊಂಡಳು. ಅವಳದೂ ನಡುಗುತ್ತಿತ್ತು.

“ಹಾಗಾದ್ರೆ ಬನ್ನಿ,” ಅಂದಳು.